ನಾಲ್ಕು ಸೆಂಟಿಮೀಟರ್ ಅಂತರದಲ್ಲಿ ಎಂಟು ವರ್ಷ

ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿ. ಬೆಂಗಳೂರಿನಿಂದ ಸೇಲಂ ಕಡೆಗೆ ಹೊರಟ ಲಾರಿಗಳು ಇಲ್ಲಿ ಗೇರ್ ಇಳಿಸಿಕೊಂಡು ಒಂದರ ಹಿಂದೊಂದು ತೆವಳುತ್ತ ಇಳಿಯುತ್ತವೆ. ಕಾದ ಬ್ರೇಕಿನ ಕಮಟು ವಾಸನೆ ಬಸ್ಸಿನ ಕಿಟಕಿಯೊಳಕ್ಕೂ ನುಗ್ಗುತ್ತದೆ. ಅಪಘಾತಕ್ಕೆ ಕುಖ್ಯಾತವಾದ ಇಳಿಜಾರು ಇದು. ಬಯಲು ಮುಟ್ಟಿದ ಮೇಲೇ ಪ್ರಯಾಣಿಕರ ಮಾತು ಮತ್ತೆ ಶುರುವಾಗುವುದು. ಎಡಕ್ಕೆ ಶೇರ್ವರಾಯನ್ ಬೆಟ್ಟಗಳ ನೀಲಿ ಸಾಲು, ಅದರ ನೆತ್ತಿಯ ಮೇಲೆ ಏರ್ಕಾಡು. ಬಲಕ್ಕೆ, ಕಣ್ಣಿಗೆ ಕಾಣದಷ್ಟು ದೂರದಲ್ಲಿ, ನಮ್ಮ ಕಡೆಯಿಂದ ಹರಿದುಹೋದ ಕಾವೇರಿ ಮೆಟ್ಟೂರಿನಲ್ಲಿ ನಿಂತಿದ್ದಾಳೆ. ನಡುವೆ ಇರುವುದೆಲ್ಲ ಒಣಭೂಮಿ: ಜೋಳ, ಶೇಂಗಾ, ಅಲ್ಲಲ್ಲಿ ತೆಂಗಿನ ತೋಪು, ಮತ್ತೆ ಮತ್ತೆ ಮರಗೆಣಸು. ಆ ಗೆಣಸಿನ ಹಾಲು ಇಳಿಸಿ ಸಬ್ಬಕ್ಕಿ ಮಾಡುವ ಕಾರ್ಖಾನೆಗಳ ಅಂಗಳ ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಬೆಳ್ಳಗೆ. ನಮ್ಮ ಹಬ್ಬದ ಪಾಯಸಕ್ಕೆ ಸಬ್ಬಕ್ಕಿ ಹೆಚ್ಚಾಗಿ ಬರುವುದು ಈ ಸೀಮೆಯಿಂದಲೇ.

1792ರವರೆಗೆ ಈ ಬಾರಾಮಹಲ್ ಸೀಮೆ ಮೈಸೂರಿಗೆ ಸೇರಿತ್ತು. ಮೂರನೇ ಮೈಸೂರು ಯುದ್ಧದಲ್ಲಿ ಸೋತ ಟಿಪ್ಪು ಇದನ್ನು ಕಂಪನಿಗೆ ಬಿಟ್ಟುಕೊಡಬೇಕಾಯಿತು. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಇನ್ನೂ ಉಳಿದಿದೆ. ಗಡಿ ಎಲ್ಲಿ ಸರಿದರೂ ಓದು, ಕೆಲಸ, ಆಸ್ಪತ್ರೆ ಎಂದು ಜನ ಈ ಘಾಟಿ ಹತ್ತಿ ಬೆಂಗಳೂರಿಗೆ ಬರುವುದು ನಿಂತಿಲ್ಲ. 2015ರಲ್ಲಿ ಹಾಗೆ ಹತ್ತಿ ಬಂದವರಲ್ಲಿ ಓಮಲೂರು ಕಡೆಯ ಪೆರಿಯವಡಗಂಪಟ್ಟಿಯ ಒಬ್ಬ ತರುಣನಿದ್ದ. ಹೆಸರು ಮಾರಿಯಪ್ಪನ್ ತಂಗವೇಲು. ಆಗ ವಯಸ್ಸು 20, ಕಸುಬು ಎತ್ತರ ಜಿಗಿತ. ಬಲಗಾಲು ಮಾತ್ರ ಮೊಣಕಾಲಿನ ಕೆಳಗೆ ಬೆಳೆದಿರಲೇ ಇಲ್ಲ.

ಕಥೆಯ ಮೊದಲ ಭಾಗ ಬಹಳ ಮಂದಿಗೆ ಗೊತ್ತು. ಐದು ವರ್ಷದ ಹುಡುಗ ಶಾಲೆಗೆ ನಡೆದುಹೋಗುವಾಗ ಬಸ್ಸೊಂದು ಕಾಲ ಮೇಲೆ ಹರಿಯಿತು. ಚಾಲಕ ಕುಡಿದಿದ್ದನಂತೆ. ಅಪ್ಪ ಮನೆ ಬಿಟ್ಟು ಹೋಗಿಯಾಗಿತ್ತು. ಮಕ್ಕಳ ಹೊಟ್ಟೆ ತುಂಬಿಸುವ ಭಾರ ತಾಯಿ ಸರೋಜಾ ಅವರ ಮೇಲೆ. ಅವರು ಮೊದಲು ಇಟ್ಟಿಗೆ ಹೊತ್ತರು, ಆಮೇಲೆ ಸೈಕಲ್ ಮೇಲೆ ತರಕಾರಿ ಇಟ್ಟುಕೊಂಡು ಮಾರಿದರು. ದಿನಕ್ಕೆ ನೂರು ರೂಪಾಯಿ ಕೈಗೆ ಹತ್ತಿದರೆ ಹೆಚ್ಚು. ತರಕಾರಿ ಮಾರುವವರ ಸೈಕಲ್ಲನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತದೆ: ಅದು ಹತ್ತಿ ತುಳಿಯುವ ಗಾಡಿಯಲ್ಲ. ಹಿಂದೆ ಬುಟ್ಟಿ, ಹ್ಯಾಂಡಲ್‌ನ ಎರಡು ಕಡೆ ಚೀಲ, ಭಾರಕ್ಕೆ ಮುಂದಿನ ಚಕ್ರ ಪಕ್ಕಕ್ಕೆ ಎಳೆಯುತ್ತಲೇ ಇರುತ್ತದೆ. ಒಂದು ಕೈ ಹ್ಯಾಂಡಲ್ ಮೇಲೆ, ಇನ್ನೊಂದು ಬುಟ್ಟಿಯ ಅಂಚಿನ ಮೇಲೆ ಇಟ್ಟು ಬೀದಿ ಬೀದಿ ತಳ್ಳಿಕೊಂಡು ನಡೆಯಬೇಕು. ಹೀಗೆ ದುಡಿಯುವ ಹೆಂಗಸು ಮಗನ ಚಿಕಿತ್ಸೆಗೆ 3 ಲಕ್ಷ ಸಾಲ ಮಾಡಿದ್ದರು. ಮಗ ಪ್ಯಾರಾಲಿಂಪಿಕ್ಸ್ ಮಟ್ಟಕ್ಕೆ ಬಂದಾಗಲೂ ಆ ಸಾಲ ತೀರಿರಲಿಲ್ಲ. ಪರಿಹಾರದ ಮೊಕದ್ದಮೆ 17 ವರ್ಷ ಎಳೆಯಿತು. ಕೊನೆಗೆ ಕೈಗೆ ಬಂದ 2 ಲಕ್ಷದಲ್ಲಿ ಅರ್ಧ ವಕೀಲರ ಪಾಲಾಯಿತು.

2016ರ ಸೆಪ್ಟೆಂಬರ್‌ನಲ್ಲಿ ಅವರು ರಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಎಲ್ಲ ಪತ್ರಿಕೆಗಳೂ ಇದನ್ನೇ ಬರೆದವು: ಬಸ್ಸು, ತರಕಾರಿ, ಚಿನ್ನ. ಸುಳ್ಳೇನಲ್ಲ. ಆದರೆ ನಮ್ಮಲ್ಲಿ ಕಾಲು ಊನವಾದವರ ಬಗ್ಗೆ ಬರೆಯಲು ಕೂತರೆ ಲೇಖನಿ ತಾನಾಗಿಯೇ ಕಣ್ಣೀರಿನ ಕಡೆ ವಾಲುತ್ತದೆ, ಆಟ ಅಲ್ಲೇ ಬಿಟ್ಟುಹೋಗುತ್ತದೆ. ಮಾರಿಯಪ್ಪನ್ ಒಬ್ಬ ಆಟಗಾರ. ಅವರ ಬಗ್ಗೆ ಕೇಳಬೇಕಾದ್ದು ಎಷ್ಟು ಎತ್ತರ ಜಿಗಿದರು, ಯಾರೆದುರು ಗೆದ್ದರು, ಯಾರೆದುರು ಸೋತರು ಅನ್ನುವುದು.

ಶಾಲೆಯಲ್ಲಿ ಅವರು ಮೊದಲು ಆಡಿದ್ದು ವಾಲಿಬಾಲ್. ಬಲೆಯ ಪಕ್ಕ ಮೇಲೇಳುವ ಹುಡುಗನ ಚಿಮ್ಮು ದೈಹಿಕ ಶಿಕ್ಷಕ ರಾಜೇಂದ್ರನ್ ಅವರ ಕಣ್ಣಿಗೆ ಬಿತ್ತು. ಹೈಜಂಪ್ ಮಾಡು ಎಂದರು. 14ನೇ ವಯಸ್ಸಿನಲ್ಲಿ ಎರಡೂ ಕಾಲು ಸರಿಯಿದ್ದ ಹುಡುಗರ ಜೊತೆ ಸ್ಪರ್ಧಿಸಿ ಎರಡನೆಯವನಾಗಿ ಬಂದಾಗ ಮೈದಾನದಲ್ಲಿದ್ದವರಿಗೆ ಬೆರಗು. ಪದವಿ ಓದಿದ್ದು ಸೇಲಂನಲ್ಲಿ, ಬಿಬಿಎ. ಓದಿನ ಜೊತೆಗೇ ಬೆಳಗಿನ ಜಾವ ಮನೆ ಮನೆಗೆ ಪೇಪರ್ ಹಾಕುವುದು, ಆಮೇಲೆ ಕಟ್ಟಡ ಕೂಲಿ. 2013ರಲ್ಲಿ ಬೆಂಗಳೂರಿನಲ್ಲಿ ನಡೆದ ರಾಷ್ಟ್ರೀಯ ಪ್ಯಾರಾ ಕೂಟದಲ್ಲಿ ಕೋಚ್ ಸತ್ಯನಾರಾಯಣ ಮಾರಿಯಪ್ಪನ್‌ರನ್ನು ನೋಡಿದರು. ಎರಡು ವರ್ಷದ ನಂತರ ಬೆಂಗಳೂರಿಗೇ ಕರೆಸಿಕೊಂಡರು.

ಇಲ್ಲಿ ನಮ್ಮವರೊಬ್ಬರನ್ನು ನೆನೆಯಬೇಕು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಇಡೀ ಭಾರತಕ್ಕೆ ಬಂದದ್ದು ಒಂದೇ ಒಂದು ಪದಕ. ಅದನ್ನು ತಂದವರು ಹಾಸನ ಜಿಲ್ಲೆಯ ಗಿರೀಶ. ಎಡಗಾಲಿನ ಊನದ ನಡುವೆಯೂ 1.74 ಮೀಟರ್ ಜಿಗಿದು ಎತ್ತರ ಜಿಗಿತದಲ್ಲೇ ಬೆಳ್ಳಿ ಗೆದ್ದರು. ಅವರ ಕೋಚ್ ಕೂಡ ಇದೇ ಸತ್ಯನಾರಾಯಣ. ಮಾರಿಯಪ್ಪನ್ ಘಾಟಿ ಹತ್ತಿ ಬರುವ ಹೊತ್ತಿಗೆ, ಒಂದು ಕಾಲು ಕೈಕೊಟ್ಟವರಿಗೆ ಜಿಗಿತ ಕಲಿಸುವ ಪಾಠ ಬೆಂಗಳೂರಿನಲ್ಲಿ ಒಂದು ಸುತ್ತು ಮುಗಿದಿತ್ತು. ಸೇಲಂನ ಚಿನ್ನದ ಹಿಂದೆ ಹಾಸನದ ಬೆಳ್ಳಿ ಇದೆ ಎಂದರೆ ತಪ್ಪಾಗಲಾರದು.

ಎತ್ತರ ಜಿಗಿತದಷ್ಟು ನಿರ್ದಯವಾದ ಆಟ ಇನ್ನೊಂದಿಲ್ಲವೇನೋ. ಎರಡು ಕಂಬ, ನಡುವೆ ನಾಲ್ಕು ಮೀಟರ್ ಉದ್ದದ ಕಂಬಿ, ತೂಕ ಎರಡು ಕಿಲೋ ಮೀರುವಂತಿಲ್ಲ. ಕಂಬಿಯ ಎರಡು ತುದಿಯೂ ಪುಟ್ಟ ಆಸರೆಗಳ ಮೇಲೆ ಸುಮ್ಮನೆ ಕೂತಿರುತ್ತವೆ, ಹಿಮ್ಮಡಿಯೊಂದು ಸೋಕಿದರೆ ಸಾಕು. ಒಂದು ಎತ್ತರ ದಾಟಿದರೆ ಇನ್ನೊಂದಕ್ಕೆ ಏರಿಸುತ್ತಾರೆ. ಸತತ ಮೂರು ಸಲ ಬೀಳಿಸಿದರೆ ಮನೆಗೆ ಹೋಗಬೇಕು. ಹಾಗಾಗಿ ಈ ಆಟದಲ್ಲಿ ಚಿನ್ನ ಗೆದ್ದವನೂ ಬಹುಮಟ್ಟಿಗೆ ಕಂಬಿ ಬೀಳಿಸಿಯೇ ದಿನ ಮುಗಿಸುತ್ತಾನೆ.

ಒಂದು ಕಾಲು ಗಿಡ್ಡವಿದ್ದರೆ ಇದೇ ಆಟ ಮತ್ತಷ್ಟು ಜಟಿಲ. ಜಿಗಿತದ ಎತ್ತರದಲ್ಲಿ ಬಹುಪಾಲು ಹುಟ್ಟುವುದು ಓಟದಲ್ಲಿ. ಎಡ, ಬಲ, ಎಡ, ಬಲ ಎಂದು ವೇಗ ಕಟ್ಟಿಕೊಂಡು ಬಂದು ಕೊನೆಯ ಹೆಜ್ಜೆಯಲ್ಲಿ ಅದಷ್ಟನ್ನೂ ಮೇಲಕ್ಕೆ ತಿರುಗಿಸಬೇಕು. ಮಾರಿಯಪ್ಪನ್ ಓಡುವಾಗ ಈ ಎಡ-ಬಲ ಸಮ ಬರುವುದಿಲ್ಲ. ಬಲಗಾಲು ಇನ್ನೂ ಐದು ವರ್ಷದ ಮಗುವಿನದೇ ಎಂದು ಅವರೇ ಹೇಳಿಕೊಂಡಿದ್ದಾರೆ. ಪ್ರತಿ ಎರಡನೇ ಹೆಜ್ಜೆಗೂ ಮೈ ಕುಸಿದು ಏಳುತ್ತದೆ. ಕುಂಟುತ್ತ ಬರುತ್ತಿರುವ ಈ ಮನುಷ್ಯ ಅಷ್ಟು ಎತ್ತರದ ಕಂಬಿ ದಾಟುತ್ತಾನೆ ಎಂದು ಮೊದಲ ಸಲ ನೋಡುವವರು ನಂಬುವುದಿಲ್ಲ. ಅಷ್ಟರಲ್ಲಿ ದಾಟಿ ಆಗಿರುತ್ತದೆ.

2016ರ ಮಾರ್ಚ್‌ನಲ್ಲಿ ಟ್ಯುನೀಷಿಯಾದ ಕೂಟದಲ್ಲಿ 1.78 ಮೀಟರ್ ಜಿಗಿದಾಗ ರಿಯೊ ಬಾಗಿಲು ತೆರೆಯಿತು. ಅರ್ಹತೆಗೆ ಬೇಕಿದ್ದದ್ದು 1.60. ಸೆಪ್ಟೆಂಬರ್ 9ರಂದು ರಿಯೊದಲ್ಲಿ, ನಮ್ಮಲ್ಲಿ ಆಗ ಮಧ್ಯರಾತ್ರಿ ದಾಟಿತ್ತು, ಕಂಬಿ 1.89ಕ್ಕೆ ಏರಿತು. ಅಮೆರಿಕದ ಸ್ಯಾಮ್ ಗ್ರೀವ್ ಮತ್ತು ನಮ್ಮವರೇ ಆದ ವರುಣ್ ಭಾಟಿ 1.86ಕ್ಕೆ ನಿಂತರು. ಮಾರಿಯಪ್ಪನ್ ದಾಟಿದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮೂರನೆಯ ಭಾರತೀಯ. ಮೊದಲನೆಯವರು 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಈಜಿ ಗೆದ್ದ ಮುರಳೀಕಾಂತ್ ಪೇಟ್ಕರ್. ಪೇಟ್ಕರ್ ಮೂಲತಃ ಸೇನೆಯ ಬಾಕ್ಸರ್, 1965ರ ಯುದ್ಧದ ಗುಂಡುಗಳು ಅವರನ್ನು ಅಖಾಡದಿಂದ ಈಜುಕೊಳಕ್ಕೆ ಕಳಿಸಿದವು. ಎರಡನೆಯವರು 2004ರ ಅಥೆನ್ಸ್‌ನ ಜಾವೆಲಿನ್ ಎಸೆತಗಾರ ದೇವೇಂದ್ರ ಝಜಾರಿಯಾ.

ತಮಿಳುನಾಡು ಸರ್ಕಾರ 2 ಕೋಟಿ ಘೋಷಿಸಿತು, ಕೇಂದ್ರ 75 ಲಕ್ಷ. ಬಹುಮಾನದಲ್ಲಿ 30 ಲಕ್ಷವನ್ನು ತಾವು ಓದಿದ ಶಾಲೆಗೆ ಕೊಡುವುದಾಗಿ ಮಾರಿಯಪ್ಪನ್ ಹೇಳಿದರು. 2017ರಲ್ಲಿ ಪದ್ಮಶ್ರೀ, ಅದೇ ವರ್ಷ ಅರ್ಜುನ, 2020ರಲ್ಲಿ ಖೇಲ್ ರತ್ನ. ಸಿನಿಮಾ ಮಾಡುತ್ತೇವೆ ಎಂದವರೂ ಬಂದರು. ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತದೆ. ನನಗೆ ಕುತೂಹಲ ಹುಟ್ಟುವುದು ಇಲ್ಲಿಂದ ಮುಂದೆ.

ಯಾಕೆಂದರೆ ಆಮೇಲೆ ಸೋಲು ಶುರುವಾಯಿತು. 2018ರ ಜಕಾರ್ತಾ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ರಾಷ್ಟ್ರಧ್ವಜ ಹಿಡಿದು ಮುಂದೆ ನಡೆದವರು ಅವರೇ, ಆದರೆ ಜಿಗಿದದ್ದು 1.67, ಸಿಕ್ಕಿದ್ದು ಕಂಚು. ಚಿನ್ನ ಗೆದ್ದ ಬಿಹಾರದ ಶರದ್ ಕುಮಾರ್ 1.90 ದಾಟಿದರು. 2019ರ ದುಬೈ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1.80, ಮತ್ತೆ ಕಂಚು. ರಿಯೊದಲ್ಲಿ ಹಿಂದೆ ಬಿದ್ದಿದ್ದ ಗ್ರೀವ್ ಇಲ್ಲಿ ಮೊದಲನೆಯವ, ಶರದ್ ಎರಡನೆಯವ. ರಿಯೊ ಒಂದು ರಾತ್ರಿಯ ಅದೃಷ್ಟವಾಗಿತ್ತೇ ಎಂದು ಗೊಣಗುವವರಿಗೆ ಇಷ್ಟು ಸಾಕಾಗಿತ್ತು.

ಬಾಕ್ಸಿಂಗ್ ಬಗ್ಗೆ ಬರೆಯುವವರಿಗೆ ಒಂದು ಅನುಕೂಲವಿದೆ. ಬಾಕ್ಸರ್‌ನ ಬಾಳುವೆ ಒಂದು ಸಾಲಿನಲ್ಲಿ ಇರುತ್ತದೆ: ಇಷ್ಟು ಗೆಲುವು, ಇಷ್ಟು ಸೋಲು, ಯಾರ ಮೇಲೆ, ಯಾವ ಸುತ್ತಿನಲ್ಲಿ. ಜಿಗಿತಗಾರನ ಎದುರಾಳಿ ಕಂಬಿ, ಹಾಗಾಗಿ ಇಂಥ ಲೆಕ್ಕ ಯಾರೂ ಇಡುವುದಿಲ್ಲ. ಇಟ್ಟು ನೋಡಿದರೆ ಸ್ವಾರಸ್ಯ ತಿಳಿಯುತ್ತದೆ. ಮಾರಿಯಪ್ಪನ್ ಮತ್ತು ಗ್ರೀವ್ ಇಬ್ಬರೂ ಒಟ್ಟಿಗೆ ಪದಕ ಪಡೆದ ದೊಡ್ಡ ಸ್ಪರ್ಧೆಗಳು ನಾಲ್ಕು. ರಿಯೊ ಮಾರಿಯಪ್ಪನ್‌ಗೆ, ದುಬೈ ಗ್ರೀವ್‌ಗೆ. ಉಳಿದೆರಡೂ ನಡೆದದ್ದು ಜಪಾನಿನಲ್ಲಿ.

ಮೊದಲನೆಯದು ಟೋಕಿಯೊ. ಕೋವಿಡ್‌ನಿಂದ ಒಂದು ವರ್ಷ ತಡವಾಗಿ 2021ರ ಆಗಸ್ಟ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ಸ್. ಉದ್ಘಾಟನೆಯ ದಿನ ಧ್ವಜ ಹಿಡಿಯಬೇಕಿದ್ದವರು ಮಾರಿಯಪ್ಪನ್. ವಿಮಾನದಲ್ಲಿ ಜೊತೆಗಿದ್ದ ವಿದೇಶಿ ಪ್ರಯಾಣಿಕರೊಬ್ಬರಿಗೆ ಸೋಂಕು ಎಂದು ಗೊತ್ತಾಗಿ ಇವರನ್ನು ಪ್ರತ್ಯೇಕವಾಗಿ ಇರಿಸಿದರು, ಧ್ವಜ ಟೇಕ್ ಚಂದ್ ಕೈಗೆ ಹೋಯಿತು. ಆಗಸ್ಟ್ 31ರ ಸಂಜೆ ಸ್ಪರ್ಧೆಯ ಹೊತ್ತಿಗೆ ಮಳೆ ಹಿಡಿಯಿತು. ಮಾರಿಯಪ್ಪನ್ ಬಲಪಾದಕ್ಕೆ ಕಾಲುಚೀಲ ಹಾಕಿಕೊಂಡು ಓಡುತ್ತಾರೆ. ಅದು ನೀರು ಕುಡಿದು ಭಾರವಾಯಿತು. ಎರಡು ಕಾಲೂ ಸಮವಿರುವವರಿಗೆ ಒದ್ದೆ ಕಾಲುಚೀಲ ಒಂದು ಕಿರಿಕಿರಿ, ಅಷ್ಟೆ. ಮಗುವಿನ ಅಳತೆಯ ಒಂದು ಪಾದದ ಮೇಲೆ ಓಟದ ಅರ್ಧ ಲಯ ನಿಂತಿರುವವರಿಗೆ ಅದು ನೆಲವನ್ನೇ ತಪ್ಪಿಸುತ್ತದೆ. ಮಳೆ ಬರದಿದ್ದರೆ 1.90 ದಾಟುತ್ತಿದ್ದೆ ಎಂದು ಆಮೇಲೆ ಅವರು ಹೇಳಿದರು. ನೆಪ ಹೇಳಿದರು ಎಂದುಕೊಳ್ಳಬೇಕಾಗಿಲ್ಲ. ಆ ರಾತ್ರಿ ಅವರು ಒದ್ದೆ ಕಾಲುಚೀಲದಲ್ಲೇ 1.86 ದಾಟಿದ್ದರು. 1.88ರಲ್ಲಿ ಮೂರು ಸಲವೂ ಕಂಬಿ ಬಿತ್ತು. ಗ್ರೀವ್‌ಗೂ ಎರಡು ಸಲ ಬಿತ್ತು, ಮೂರನೆಯ ಸಲ ನಿಂತಿತು. ಚಿನ್ನ ಅಮೆರಿಕಕ್ಕೆ, ಬೆಳ್ಳಿ ಸೇಲಂಗೆ. ಕಂಚು, 1.83 ಜಿಗಿದ ಶರದ್‌ಗೆ.

ಊರಿಗೆ ಬಂದ ಮೇಲೆ ಸರ್ಕಾರದಿಂದ ಮತ್ತೆ 2 ಕೋಟಿ, ಜೊತೆಗೆ ಸರ್ಕಾರಿ ಒಡೆತನದ ತಮಿಳುನಾಡು ನ್ಯೂಸ್‌ಪ್ರಿಂಟ್ ಅಂಡ್ ಪೇಪರ್ಸ್ ಕಂಪನಿಯಲ್ಲಿ ಅಧಿಕಾರಿಯ ಹುದ್ದೆ. ಪೇಪರ್ ಹಾಕುತ್ತಿದ್ದ ಹುಡುಗನಿಗೆ ಪೇಪರಿನ ಕಾಗದ ಮಾಡುವ ಕಂಪನಿಯಲ್ಲೇ ಕುರ್ಚಿ. ಆದೇಶ ಬರೆದವರು ಇದನ್ನು ಯೋಚಿಸಿ ಮಾಡಿರಲಿಕ್ಕಿಲ್ಲ. ಸರ್ಕಾರಿ ಕಡತಗಳಿಗೆ ಅಷ್ಟು ಹಾಸ್ಯಪ್ರಜ್ಞೆ ಇರುವುದಿಲ್ಲ.

ಕೆಲಸ ಸಿಕ್ಕಿತು, ಸಾಲ ತೀರಿತು, ಎರಡು ಪ್ಯಾರಾಲಿಂಪಿಕ್ ಪದಕ ಕೈಯಲ್ಲಿವೆ. ಈ ಘಟ್ಟದಲ್ಲಿ ನಿಲ್ಲಿಸಿಬಿಡುವವರೇ ಹೆಚ್ಚು. 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಮಾರಿಯಪ್ಪನ್ 1.80 ಜಿಗಿದು ಎರಡನೆಯವರಾದರು. ಮುಂದೆ ನಿಂತದ್ದು ಇನ್ನೊಬ್ಬ ಬಿಹಾರಿ, ತಮಗಿಂತ ಕಿರಿಯ ಶೈಲೇಶ್ ಕುಮಾರ್, 1.82ಕ್ಕೆ. ಎರಡು ಸೆಂಟಿಮೀಟರ್ ಎಂದರೆ ಒಂದು ಬೆರಳಿನ ದಪ್ಪ.

2024ರ ಮೇ ತಿಂಗಳು ಜಪಾನಿನ ಕ್ರೀಡಾಪ್ರೇಮಿಗಳಿಗೆ ಮರೆಯುವಂಥದ್ದಲ್ಲ. ಮೇ 6ರಂದು ಟೋಕಿಯೊ ಡೋಮ್‌ನಲ್ಲಿ ಅವರ ಆರಾಧ್ಯ ಬಾಕ್ಸರ್ ನವೊಯಾ ಇನೊವೆ ಮೆಕ್ಸಿಕೊದ ಲೂಯಿಸ್ ನೇರಿ ಎದುರು ಇಳಿದರು. ಅಲ್ಲಿಯವರೆಗೆ ಒಂದೂ ಪಂದ್ಯ ಸೋತವರಲ್ಲ, ಒಮ್ಮೆಯೂ ನೆಲಕ್ಕೆ ಬಿದ್ದವರೂ ಅಲ್ಲ. ಮೊದಲ ಸುತ್ತಿನಲ್ಲೇ ನೇರಿಯ ಎಡಗೈ ಹೊಡೆತಕ್ಕೆ ಬಿದ್ದರು. ಎದ್ದರು, ಆರನೇ ಸುತ್ತಿನಲ್ಲಿ ನೇರಿಯನ್ನು ಮಲಗಿಸಿ ಪಂದ್ಯ ಮುಗಿಸಿದರು. ಎರಡು ವಾರ ಕಳೆದು ಮೇ 21ರಂದು ಅದೇ ದೇಶದ ಕೋಬೆಯಲ್ಲಿ ವಿಶ್ವ ಪ್ಯಾರಾ ಅಥ್ಲೆಟಿಕ್ಸ್. ಇನೊವೆ ಪಂದ್ಯಕ್ಕೆ ನೆರೆದ ಜನಸಾಗರಕ್ಕೂ ಇಲ್ಲಿನ ಗ್ಯಾಲರಿಗೂ ಹೋಲಿಕೆಯೇ ಇಲ್ಲ. ಗ್ರೀವ್ 1.82ರಲ್ಲಿ ನಿಂತರು. ಅಮೆರಿಕದ ಹೊಸ ಹುಡುಗ ಎಜ್ರಾ ಫ್ರೆಕ್ 1.85. ಮಾರಿಯಪ್ಪನ್ 1.88, ಚಾಂಪಿಯನ್‌ಷಿಪ್ ದಾಖಲೆ. ರಿಯೊ ನಂತರ ಇಂಥದ್ದೊಂದು ಚಿನ್ನ ಕೈಗೆ ಬರಲು ಹೆಚ್ಚುಕಡಿಮೆ ಎಂಟು ವರ್ಷ ಹಿಡಿದಿತ್ತು. ಗ್ರೀವ್ ಜೊತೆಗಿನ ಲೆಕ್ಕ ಎರಡಕ್ಕೆರಡು. ನಮ್ಮ ಪತ್ರಿಕೆಗಳ ಒಳಪುಟದಲ್ಲಿ ಸುದ್ದಿ ಬಂತು. ದೇಶದಲ್ಲಿ ಆಗ ಲೋಕಸಭೆ ಚುನಾವಣೆಯ ಕಾವು, ಐಪಿಎಲ್‌ನ ಕೊನೆಯ ವಾರ.

ಅಂದಹಾಗೆ ಆ ಐಪಿಎಲ್‌ನಲ್ಲೂ ಸೇಲಂ ಜಿಲ್ಲೆಯವರೊಬ್ಬರು ಬೌಲಿಂಗ್ ಮಾಡುತ್ತಿದ್ದರು. ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್, ಯಾರ್ಕರ್‌ಗೆ ಹೆಸರಾದ ಎಡಗೈ ವೇಗಿ. ಅಪ್ಪ ಸೀರೆ ನೇಯುವ ಘಟಕದ ಕೂಲಿ, ಅಮ್ಮ ರಸ್ತೆಬದಿಯಲ್ಲಿ ಕೋಳಿ ಮಾಂಸ ಮಾಡಿ ಮಾರುತ್ತಿದ್ದವರು. 2020-21ರ ಆಸ್ಟ್ರೇಲಿಯಾ ಪ್ರವಾಸಕ್ಕೆ ನೆಟ್ ಬೌಲರ್ ಆಗಿ ಹೋಗಿ ಏಕದಿನ, ಟಿ20, ಟೆಸ್ಟ್ ಮೂರರಲ್ಲೂ ಮೊದಲ ಪಂದ್ಯ ಆಡಿ ಬಂದರು. 2023ರಲ್ಲಿ ಹುಟ್ಟೂರಿನಲ್ಲೇ ಸ್ವಂತ ಖರ್ಚಿನಿಂದ ಮೈದಾನ ಮಾಡಿಸಿದರು. ಇದೇ ದಾರಿಯಲ್ಲಿ ಉತ್ತರಕ್ಕೆ ಬಂದರೆ ಹೊಸೂರು. ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಬ್ಯಾಡ್ಮಿಂಟನ್‌ನಲ್ಲಿ ಕಂಚು ಗೆದ್ದ ನಿತ್ಯಶ್ರೀ ಶಿವನ್ ಆ ಊರಿನವರು. ಲಾರಿಗಳೇ ಆಳುವ ಒಂದು ಹೆದ್ದಾರಿಯ ಎರಡು ಬದಿಯಲ್ಲಿ ಇಷ್ಟು ಮಂದಿ ಯಾಕೆ ಹುಟ್ಟಿದರು ಎಂದು ಸಿದ್ಧಾಂತ ಕಟ್ಟುವ ಆಸೆ ನನಗಿಲ್ಲ. ಬೆಂಗಳೂರು ನಾಲ್ಕೈದು ತಾಸಿನ ದಾರಿ ಎನ್ನುವುದು ಮಾತ್ರ ಮಾರಿಯಪ್ಪನ್ ಮಟ್ಟಿಗಾದರೂ ಕೆಲಸ ಮಾಡಿದೆ. ಕೂಲಿ ಮಾಡುವ ಮನೆಯ ಹುಡುಗನಿಗೆ ಕೋಚ್ ಇರುವ ಊರು ರಾತ್ರಿ ಬಸ್ಸು ಹಿಡಿದರೆ ಸಿಗುವಷ್ಟು ಹತ್ತಿರ ಇರಬೇಕಲ್ಲ.

ಇನ್ನು ಪ್ಯಾರಿಸ್. 2024ರ ಸೆಪ್ಟೆಂಬರ್ 3ರ ರಾತ್ರಿ, ಸ್ಟಾಡ್ ದ ಫ್ರಾನ್ಸ್. ಮಾರಿಯಪ್ಪನ್‌ಗೆ 29 ವರ್ಷ. ಕೋಬೆಯಲ್ಲಿ ಅವರ ಹಿಂದೆ ನಿಂತಿದ್ದ ಫ್ರೆಕ್‌ಗೆ 19, ರಿಯೊ ನಡೆದಾಗ ಅವನು 11ರ ಹುಡುಗ. ಹುಟ್ಟುವಾಗಲೇ ಎಡಗಾಲಿಗೆ ಮೊಣಕಾಲು ಇರಲಿಲ್ಲ, ಕೃತಕ ಕಾಲು ಕಟ್ಟಿಕೊಂಡು ಓಡುತ್ತಾನೆ. ನಮ್ಮವರು ಟಿ42 ವರ್ಗದವರು, ಅಂದರೆ ಊನವಿರುವ ಸ್ವಂತ ಕಾಲಿನಲ್ಲೇ ಜಿಗಿಯುವವರು. ಫ್ರೆಕ್ ಟಿ63, ಕೃತಕ ಕಾಲಿನವರ ವರ್ಗ. ಹೈಜಂಪ್‌ನಲ್ಲಿ ಎರಡನ್ನೂ ಒಂದೇ ಪದಕಕ್ಕೆ ಇಳಿಸುತ್ತಾರೆ. ಇದರಲ್ಲಿ ಯಾರಿಗೆ ಲಾಭ ಎಂಬ ಚರ್ಚೆಗೆ ಕೊನೆಯಿಲ್ಲ. ರಿಯೊದಲ್ಲಿ, ಟೋಕಿಯೊದಲ್ಲಿ, ಕೋಬೆಯಲ್ಲಿ ಆದ ಫಲಿತಾಂಶ ನೋಡಿದರೆ ಲಾಭ ಒಂದೇ ಕಡೆ ಇದೆ ಎನ್ನಲು ಬರುವುದಿಲ್ಲ. ಪ್ಯಾರಿಸ್‌ನಲ್ಲಂತೂ ಫ್ರೆಕ್ ಯಾರ ಕೈಗೂ ಸಿಗಲಿಲ್ಲ, 1.94. ಶರದ್ 1.88 ಜಿಗಿದು ಬೆಳ್ಳಿ. ಮಾರಿಯಪ್ಪನ್ 1.85, ಕಂಚು. ಮೂರು ಪ್ಯಾರಾಲಿಂಪಿಕ್ಸ್‌ಗಳಲ್ಲಿ ಒಂದರ ಹಿಂದೊಂದು ಪದಕ ಗೆದ್ದ ಮೊದಲ ಭಾರತೀಯ ಎಂಬ ಹೆಸರು ಅವರದಾಯಿತು.

ಚಿನ್ನ, ಬೆಳ್ಳಿ, ಕಂಚು. ಪದಕದ ಬಣ್ಣ ಮಾತ್ರ ನೋಡಿದರೆ ಮೆಟ್ಟಿಲಿಳಿದು ಬಂದ ಹಾಗೆ ಕಾಣುತ್ತದೆ. ಅಳತೆ ನೋಡಿ: 1.89, 1.86, 1.85. ಎಂಟು ವರ್ಷದಲ್ಲಿ ಇಳಿದದ್ದು ನಾಲ್ಕು ಸೆಂಟಿಮೀಟರ್. ಲಂಡನ್‌ನಲ್ಲಿ ಗಿರೀಶ ಬೆಳ್ಳಿ ಗೆದ್ದದ್ದು 1.74ಕ್ಕೆ. ಪ್ಯಾರಿಸ್‌ನಲ್ಲಿ 1.85 ಜಿಗಿದರೂ ಕಂಚಿಗೇ ತೃಪ್ತಿಪಡಬೇಕು. ಮಾರಿಯಪ್ಪನ್ ಹೆಚ್ಚುಕಡಿಮೆ ಅಲ್ಲೇ ನಿಂತಿದ್ದಾರೆ, ಜಗತ್ತು ಅವರ ಸುತ್ತ ಎತ್ತರಕ್ಕೆ ಬೆಳೆದಿದೆ. ಹಾಗೆ ಬೆಳೆಸಿದವರಲ್ಲಿ ಅವರದೂ ಪಾಲಿದೆ: ಅವರೆದುರು ಸ್ಪರ್ಧಿಸುತ್ತಲೇ ಶರದ್, ಶೈಲೇಶ್ ಇಬ್ಬರೂ ಮೇಲೆ ಬಂದಿದ್ದಾರೆ. ಒಂದು ಕಾಲದಲ್ಲಿ ಇಡೀ ದೇಶಕ್ಕೆ ಒಬ್ಬ ಗಿರೀಶ. ಈಗ ಭಾರತ ತಂಡದೊಳಗೆ ಜಾಗ ಹಿಡಿಯುವುದೇ ಒಂದು ಫೈನಲ್.

ಮುಂದಿನ ಪ್ಯಾರಾಲಿಂಪಿಕ್ಸ್ 2028ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಅದು ಫ್ರೆಕ್‌ನ ಸ್ವಂತ ಊರು. ಆಗ ಅವನಿಗೆ 23, ಮಾರಿಯಪ್ಪನ್‌ಗೆ 33.